ಉಪ್ಪಿಲ್ಲದ ಶನಿವಾರಗಳು

ಕಳೆದ ವಾರ ಕಾಲೇಜಿನ ಕೆಲಸದ ಮೇಲೆ ಅರಕಲಗೂಡಿಗೆ ಹೋಗಿದ್ದೆ. ವಾಪಸ್ಸು ಬರುವಾಗ ಊರಾಚೆಯ ತಿರುವಿನಲ್ಲಿ ಬಸ್ಸು ನಿಂತಿತು. ಹೊಗೆಸೊಪ್ಪು ತುಂಬಿದ ಗಾಡಿಯೊಂದರ ಚಕ್ರ ರಸ್ತೆಯಂಚಿನ ಕೆಸರಿನಲ್ಲಿ ಹೂತುಕೊಂಡಿತ್ತು. ಕಿಟಕಿಯಿಂದ ಬ್ಯಾರನ್ನಿನ ವಾಸನೆ ಒಳಗೆ ಬಂತು. ಬ್ಯಾರನ್ ಎಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಹದ ಮಾಡುವ ಎತ್ತರದ ಕಟ್ಟಡ. ಆ ಕಡೆಯ ಹಳ್ಳಿಗಳಲ್ಲಿ ಹೊಲಕ್ಕೊಂದು ಇರುತ್ತದೆ. ಅದರ ವಾಸನೆ ಕೆಟ್ಟದ್ದೇನಲ್ಲ. ಬೆಲ್ಲ ಕಾಯುವಾಗಿನಂತೆ ಸ್ವಲ್ಪ ಸಿಹಿ, ಒಣಹುಲ್ಲಿನ ಬಣವೆಯಂತೆ ಸ್ವಲ್ಪ ಬೆಚ್ಚಗೆ. ಪಕ್ಕದಲ್ಲಿ ಕೂತ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಎದ್ದು, ಕಂಡಕ್ಟರ್ ಬೈಯುತ್ತಿದ್ದರೂ ಕೇಳದೆ, ಅಲ್ಲೇ ಇಳಿದುಬಿಟ್ಟೆ. ಮುಂದಿನ ಬಸ್ಸು ಬರುವವರೆಗೂ ಮೋರಿಯ ಕಟ್ಟೆಯ ಮೇಲೆ ಕೂತಿದ್ದೆ.

ಹೋದ ವರ್ಷ, ಎಂದರೆ ಎರಡು ಸಾವಿರದ ಎಂಟರಲ್ಲಿ, ಇದೇ ವಾಸನೆಯ ನಡುವೆ ನಾನೂ ಲೋಕೇಶನೂ ಓಡಿದ್ದೆವು. ಜೂನ್ ಮೊದಲ ವಾರದಿಂದ ಅಕ್ಟೋಬರಿನವರೆಗೆ ಒಂದು ಓಟಕ್ಕಾಗಿ ತಯಾರಾಗಿದ್ದೆವು. ಬೆಂಗಳೂರಿನ ಕೆಲವರು ಸೇರಿ ಸಕಲೇಶಪುರದ ಕಡೆಯ ಬೆಟ್ಟಗಳಲ್ಲಿ ನಡೆಸಬೇಕೆಂದಿದ್ದ ಐವತ್ತು ಕಿಲೋಮೀಟರಿನ ಓಟ ಅದು. ರಸ್ತೆಯಲ್ಲಿ ಅಲ್ಲ, ಕಾಲುದಾರಿಯಲ್ಲಿ, ಹಳ್ಳ ದಾಟಿ, ಗುಡ್ಡ ಹತ್ತಿ ಇಳಿದು ಓಡುವುದು. ಆ ಓಟಕ್ಕೆ ನಾವಿಬ್ಬರೂ ಹೋಗಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರು ಸುಮ್ಮನೆ ಕಾಯುವುದು ಬೇಡ.

ಹಾಸನದ ಒಂದು ಪಿಯು ಕಾಲೇಜಿನಲ್ಲಿ ನಾನು ಗಣಿತ ಹೇಳುತ್ತೇನೆ. ಲೋಕೇಶ ಅಲ್ಲಿ ಪಿ.ಟಿ. ಮೇಷ್ಟ್ರು. ಸಾಲಗಾಮೆಯ ಕಡೆಯ ಒಕ್ಕಲು ಮನೆಯವನು, ನನಗಿಂತ ನಾಲ್ಕು ವರ್ಷ ದೊಡ್ಡವನು, ಕಾಲೇಜು ದಿನಗಳಲ್ಲಿ ಜಿಲ್ಲೆಯ ಪರವಾಗಿ ಓಡಿದವನು. ನಾನು ಹೊಳೆನರಸೀಪುರದ ಅಗ್ರಹಾರದವನು. ನಮ್ಮ ಮನೆಯಲ್ಲಿ ನನ್ನ ತಲೆಮಾರಿನವರೆಗೆ ಯಾರೂ ಬಸ್ಸು ಹಿಡಿಯುವುದಕ್ಕಲ್ಲದೆ ಓಡಿದವರಲ್ಲ. ದಿನಚರಿ ಬರೆಯುವ ಅಭ್ಯಾಸ ಮಾತ್ರ ಮೂರು ತಲೆಮಾರಿನದು. ತಾರೀಖು, ಮಳೆ ಬಂತೋ ಇಲ್ಲವೋ, ಯಾರು ಬಂದರು, ಎಷ್ಟು ದೂರ, ಇಷ್ಟು ಬರೆಯದೆ ನನಗೆ ಮಲಗಲಾಗುವುದಿಲ್ಲ.

ಒಂದು ಮಧ್ಯಾಹ್ನ ಲೋಕೇಶ ಸೈಬರ್ ಕೆಫೆಯಿಂದ ಒಂದು ಪ್ರಿಂಟ್ ತಂದು ಸ್ಟಾಫ್ ರೂಮಿನಲ್ಲಿ ನನ್ನ ಊಟದ ಡಬ್ಬಿಯ ಪಕ್ಕ ಇಟ್ಟ.

"ಏನ್ ಐನೋರೇ, ಬತ್ತೀರಾ?"

ಓದಿದೆ. "ಐವತ್ತು ಕಿಲೋಮೀಟರಾ? ಎಷ್ಟು ದಿನಕ್ಕೆ?"

"ಒಂದೇ ದಿನಕ್ಕೆ ಕಣ್ರೀ. ಸೂರ್ಯ ಮುಳುಗೋದ್ರೊಳ್ಗೆ."

"ಗೆದ್ದರೆ ಏನು ಕೊಡ್ತಾರೆ?"

"ಏನೂ ಇಲ್ಲ. ನಾವೇ ದುಡ್ ಕಟ್ಟಬೇಕು."

"ಮತ್ತೆ ಯಾಕೆ ಓಡಬೇಕು?"

ಅವನು ನನ್ನ ಡಬ್ಬಿಯಿಂದ ಒಂದು ತುತ್ತು ಪುಳಿಯೋಗರೆ ತೆಗೆದು ಬಾಯಿಗೆ ಹಾಕಿಕೊಂಡು, ನನ್ನ ಹೊಟ್ಟೆಯ ಕಡೆ ನೋಡಿದ. "ಇದ್ನ ಕರಗ್ಸಕ್ಕೆ. ಇಪ್ಪತ್ತಾರಕ್ಕೇ ಇಂಗೆ, ಮದುವೆ ಒತ್ಗೆ ಪಂಚೆ ನಿಲ್ಲಕಿಲ್ಲ."

ಅವನ ಕಾರಣ ಬೇರೆ ಇತ್ತು. ಅದು ನನಗೆ ತಿಳಿದದ್ದು ಅವನ ಮನೆಗೆ ಹೋದ ಮೇಲೆ. ಕೆಲವು ವರ್ಷಗಳ ಹಿಂದೆ ಅವನ ಅಣ್ಣ, ಗದ್ದೆ ಉಳುವಾಗ ಟ್ರಾಕ್ಟರ್ ಮಗುಚಿ, ಕೆಸರಿನಲ್ಲಿ ಸಿಕ್ಕಿ ಸತ್ತಿದ್ದ. ಅಪ್ಪ ಅದಕ್ಕೂ ಮೊದಲೇ ಇಲ್ಲ. ಆಮೇಲೆ ತಾಯಿ ಜಯಮ್ಮ ಉಳಿದ ಮಗನನ್ನು ಎಲ್ಲದರಿಂದಲೂ ದೂರ ಇಟ್ಟರು. ಟ್ರಾಕ್ಟರ್ ಮಾರಿದರು. ಬೈಕು ತೆಗೆಯಲು ಬಿಡಲಿಲ್ಲ. ಕೆರೆಗೆ ಇಳಿಯುವಂತಿಲ್ಲ, ಮರ ಹತ್ತುವಂತಿಲ್ಲ. ಲೋಕೇಶ ದಿನಾ ಬಸ್ಸಿನಲ್ಲೇ ಕೆಲಸಕ್ಕೆ ಬರುತ್ತಿದ್ದ. ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ಶಶಿಕಲಾಳನ್ನು ಹಾಸನದ ಸಿನಿಮಾಕ್ಕೆ ಕರೆದುಕೊಂಡು ಹೋಗುವುದಕ್ಕೂ ಅವ್ವನಿಗೆ ಬಸ್ಸಿನ ಟೈಮು ಹೇಳಿ ಹೋಗಬೇಕಿತ್ತು. ಓಡುವುದೊಂದಕ್ಕೆ ಅಡ್ಡಿಯಿರಲಿಲ್ಲ. "ಓಡಕ್ಕೆ ಚಕ್ರ ಬೇಕಾಗಿಲ್ವಲ್ಲ, ಅದ್ಕೆ," ಎಂದು ಅವನು ನಗುತ್ತಿದ್ದ.

ಅಪ್ಪಣೆ ಕೇಳಲು ಇಬ್ಬರೂ ಸೇರಿ ಹೋದೆವು. ಜಯಮ್ಮ ಜಗುಲಿಯಲ್ಲಿ ಕೂತು ರಾಗಿ ಕೇರುತ್ತಿದ್ದರು. ಪೂರ್ತಿ ಕೇಳಿ ಮೊರ ಕೆಳಗಿಟ್ಟರು.

"ಇವ್ನಿಗಂತೂ ಬುದ್ಧಿ ಇಲ್ಲ. ನೀನು ಲೆಕ್ಕದ ಮೇಷ್ಟ್ರಂತೆ, ನಿಂಗೂ ಇಲ್ವೇನಪ್ಪ?"

ಶಶಿ ಒಳಗಿನಿಂದ ನಕ್ಕಳು. ಜಯಮ್ಮ ನಗಲಿಲ್ಲ. ನನ್ನ ಕಡೆ ತಿರುಗಿದರು.

"ಒಬ್ಬನ್ನ ಮಣ್ಣಿಗೆ ಕೊಟ್ಟಿವ್ನಿ. ಉಳ್ದಿರೋನು ಇವ್ನೊಬ್ನೇ. ಎಂಗೆ ಕರ್ಕೊಂಡೋಯ್ತೀಯೋ ಅಂಗೇ ಕರ್ಕೊಂಬಾ. ಅಷ್ಟೇ ನಾನು ಕೇಳೋದು."

"ಆಯ್ತಮ್ಮ," ಎಂದೆ. ಬೇರೇನು ಹೇಳಲು ಸಾಧ್ಯ?

ಅಣ್ಣ ಸತ್ತ ವರ್ಷವೇ ಯಾರೋ ಜೋಯಿಸರು ಲೋಕೇಶನ ಜಾತಕ ನೋಡಿ ಶನಿಯ ಕಾಟ ಇನ್ನೂ ಇದೆ ಎಂದಿದ್ದರು. ಅವತ್ತಿನಿಂದ ಜಯಮ್ಮ ಹರಕೆ ಹೊತ್ತಿದ್ದರು: ಕಾಟ ಕಳೆಯುವ ತನಕ ಮಗ ಶನಿವಾರ ಉಪ್ಪು ಮುಟ್ಟುವುದಿಲ್ಲ. ಶನಿವಾರ ಬೆಳಗಾದರೆ ಅವನಿಗೆ ಬೆಲ್ಲದ ಅವಲಕ್ಕಿ, ಮಧ್ಯಾಹ್ನ ಹಾಲನ್ನ, ರಾತ್ರಿ ಬಾಳೆಹಣ್ಣು. ಭಾನುವಾರ ಸ್ನಾನ ಮಾಡಿ ದೇವರ ಮುಂದೆ ದೀಪ ಹಚ್ಚಿದ ಮೇಲೆ ಬಿಡುಗಡೆ. ಲೋಕೇಶ ಇದನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಶನಿವಾರ ಕ್ಯಾಂಟೀನಿನಲ್ಲಿ ನಾವೆಲ್ಲ ಬೋಂಡಾ ತಿನ್ನುವಾಗ ಅವನು ಬಾಳೆಹಣ್ಣು ಸುಲಿಯುತ್ತ, "ನಾನು ವಾರಕ್ಕೊಂದಿನ ಕೋತಿ ಕಣ್ರಪ್ಪ" ಎನ್ನುತ್ತಿದ್ದ. ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ನಮ್ಮ ಮನೆಯಲ್ಲಿ ಏಕಾದಶಿ ಇತ್ತು, ಅವರ ಮನೆಯಲ್ಲಿ ಶನಿವಾರ ಇತ್ತು. ಮನೆಮನೆಗೆ ಇರುವಂಥದ್ದೇ.

ಆ ವರ್ಷ ಮುಂಗಾರು ತಡವಾಗಿ ಬಂದು ಆಮೇಲೆ ಬಿಡಲಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ ಕಾಲೇಜಿನ ಮೈದಾನ, ಭಾನುವಾರ ದೂರದ ಓಟ. ಸಾಲಗಾಮೆಯ ಸುತ್ತಿನ ಹೊಲಗಳಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಡಿದಿತ್ತು. ಕೊಳೆತ ಗಿಡಗಳ ನಡುವಿನ ಬದುವಿನ ಮೇಲೆ ನಾನು ಎಷ್ಟು ಸಲ ಜಾರಿ ಬಿದ್ದೆನೋ. ಲೋಕೇಶ ತಿರುಗಿಯೂ ನೋಡುತ್ತಿರಲಿಲ್ಲ. "ಎದ್ದೇಳ್ರೀ, ಸಾಷ್ಟಾಂಗ ಸಾಕು, ದೇವ್ರು ನೋಡ್ಕೊಂಡವ್ನೆ," ಎಂದು ಮುಂದಿನಿಂದ ಕೂಗುತ್ತಿದ್ದ. ಮೊದಲ ತಿಂಗಳು ನನ್ನ ಉಗುರುಗಳು ಕಪ್ಪಾಗಿ ಉದುರಿದವು. ತೊಡೆ ಉಜ್ಜಿ ಗಾಯವಾಗಿ ಪಾಠ ಮಾಡುವಾಗ ಕಾಲಗಲಿಸಿ ನಿಲ್ಲುತ್ತಿದ್ದೆ. ಹುಡುಗಿಯರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು.

ಜುಲೈ ಮುಗಿಯುವ ಹೊತ್ತಿಗೆ ನಾನು ಸೀಗೆಗುಡ್ಡವನ್ನು ನಿಲ್ಲದೆ ಹತ್ತಬಲ್ಲವನಾಗಿದ್ದೆ. ಲೋಕೇಶ ನನ್ನನ್ನು "ರೀ" ಅನ್ನುವುದನ್ನು ಬಿಟ್ಟದ್ದು ಆವತ್ತೇ. ಮೇಲೆ ಮಂಜಿನಲ್ಲಿ ಇಬ್ಬರೂ ಮೊಣಕಾಲಿಗೆ ಕೈಯೂರಿ ಏದುಸಿರು ಬಿಡುತ್ತಿರುವಾಗ, "ಪರ್ವಾಗಿಲ್ಲ ಕಣೋ ಐನೋರೇ, ನೀನು ಓಡ್ತೀಯ," ಎಂದ. ನನ್ನ ಜೀವನದಲ್ಲಿ ಬಂದ ಯಾವ ಅಂಕಪಟ್ಟಿಯೂ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ನಮ್ಮ ಬಳಿ ಇದ್ದ ವಿದ್ಯೆಯೆಲ್ಲ ಆ ಸೈಬರ್ ಕೆಫೆಯ ಪ್ರಿಂಟುಗಳು. ವಾರಕ್ಕೆ ಎಷ್ಟು ದೂರ ಹೆಚ್ಚಿಸಬೇಕು, ಇಳಿಜಾರಿನಲ್ಲಿ ಹೆಜ್ಜೆ ಹೇಗಿಡಬೇಕು. ನೀರಿನ ವಿಷಯ ಒಂದು ಸಾಲಿನಲ್ಲಿತ್ತು: ಬಾಯಾರುವ ಮೊದಲೇ ಕುಡಿಯಿರಿ, ಸಿಕ್ಕಲ್ಲೆಲ್ಲ ಕುಡಿಯಿರಿ. ಲೋಕೇಶ ಅದನ್ನು ಹುಡುಗರಿಗೂ ಹೇಳಿಕೊಡುತ್ತಿದ್ದ. ನಾನು ಮಾತ್ರ ಚಿಕ್ಕಂದಿನಲ್ಲಿ ಟೈಫಾಯಿಡ್ ಬಂದು ಸಾಯುವಂತಾಗಿದ್ದವನು. ಕಾಯಿಸಿ ಆರಿಸಿದ ನೀರಲ್ಲದೆ ಎಲ್ಲೂ ಕುಡಿಯುವವನಲ್ಲ. ಸೊಂಟಕ್ಕೆ ಕಟ್ಟಿದ ಎರಡು ಬಾಟಲಿ, ಅಷ್ಟೇ ನನ್ನ ನೀರು. ಲೋಕೇಶ ಹಾಗಲ್ಲ. ಹಳ್ಳಿಯಲ್ಲಿ ಯಾರಾದರೂ ಚೊಂಬು ಮುಂದೆ ಹಿಡಿದರೆ ಬೇಡ ಎನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. "ಕೊಟ್ಟ ನೀರು ಬ್ಯಾಡ ಅಂದ್ರೆ ಮನೆಯೋರ ಮೊಖಕ್ಕೆ ಒಡ್ದಂಗೆ," ಎನ್ನುತ್ತಿದ್ದ.

ಸೆಪ್ಟೆಂಬರಿನಲ್ಲಿ ಒಂದು ಸೋಮವಾರ ಅವನು ಬಂದವನೇ ನಕ್ಕ. "ಅವ್ವಂಗೆ ಕನಸು ಬಿದ್ದದಂತೆ. ಅಣ್ಣ ಬಂದು ಬಾಗ್ಲಲ್ಲಿ ನಿಂತು ನನ್ನ ಕರೆದ್ನಂತೆ."

"ಹಾಗಾದರೆ ಓಟ?"

"ಓಟ ಬ್ಯಾಡ ಅನ್ನಲಿಲ್ಲ ಪುಣ್ಯಾತ್ಗಿತ್ತಿ. ಶುಕ್ರವಾರನೂ ಸೇರಿಸ್ಬುಟ್ಳು. ಅಮ್ಮನವರ ಹೆಸರಲ್ಲಿ. ಓಟ ಮುಗ್ಯೋಗಂಟ ಶುಕ್ರವಾರ, ಶನಿವಾರ ಎರಡು ದಿನ ಉಪ್ಪಿಲ್ಲ." ಆಮೇಲೆ ನನ್ನ ಮುಖ ನೋಡಿ, "ಇರ್ಲಿ ಬಿಡೋ. ಅವ್ಳಿಗೆ ಅದ್ರಿಂದ ನಿದ್ದೆ ಬತ್ತದೆ," ಎಂದ.

ಅಕ್ಟೋಬರಿನಲ್ಲಿ ಆಯುಧಪೂಜೆ ಮುಗಿದ ಮೇಲಿನ ಭಾನುವಾರ ನಮ್ಮ ಅತಿ ದೂರದ ಓಟ. ಅರಕಲಗೂಡಿನಿಂದ ಹೊರಟು ನಾಲೆಯ ಏರಿ, ಬಂಡಿದಾರಿ, ಹೊಲದ ಬದು ಹಿಡಿದು ಹೊಳೆನರಸೀಪುರದ ನಮ್ಮ ಮನೆಯಲ್ಲಿ ಮುಗಿಸುವುದು. ನೇರ ರಸ್ತೆಯಿದೆ. ನಾವು ಬೇಕೆಂದೇ ಸುತ್ತು ಹಾಕಿದ್ದೆವು, ನಲವತ್ತರ ಹತ್ತಿರ ಬರಲಿ ಎಂದು. ಹಿಂದಿನ ವಾರ ಊರಿಗೆ ಹೋಗಿದ್ದಾಗ ಅಪ್ಪನಿಗೆ ಹೇಳಿದ್ದೆ. ಕನ್ನಡಕ ತೆಗೆದು ಕೇಳಿದರು: "ಅರಕಲಗೂಡಿಂದ ಬಸ್ಸಿದೆಯಲ್ಲೋ?" ಅಮ್ಮ ಮಾತ್ರ, ಇಬ್ಬರಿಗೂ ಮಧ್ಯಾಹ್ನದ ಊಟ ತಯಾರಿರುತ್ತೆ, ಬಚ್ಚಲಿಗೆ ಒಲೆ ಹಾಕಿರ್ತೀನಿ ಎಂದಿದ್ದರು.

ಬೆಳಗಿನ ಮೊದಲ ಬಸ್ಸಿಗೆ ಅರಕಲಗೂಡು ತಲುಪಿ, ಬೆಳಕು ಹರಿಯುತ್ತಿದ್ದಂತೆ ಹೊರಟೆವು. ಮೊದಲ ಎರಡು ಗಂಟೆ ಚೆನ್ನಾಗಿತ್ತು. ಬ್ಯಾರನ್ನುಗಳ ಒಲೆಗಳು ಉರಿಯುತ್ತಿದ್ದವು. ಇರುಳೆಲ್ಲ ಬೆಂಕಿ ಕಾಯ್ದವರು ನಿದ್ದೆಗೆಟ್ಟ ಕಣ್ಣುಗಳಿಂದ ನಮ್ಮನ್ನು ನೋಡುತ್ತಿದ್ದರು.

"ಯಾಕ್ರಪ್ಪೋ ಓಡ್ತಾ ಇದೀರಿ? ಪೊಲೀಸ್ನೋರು ಬತ್ತಾವ್ರಾ?"

"ಇಲ್ಲ ಕಣಣ್ಣ, ಎಂಡ್ತಿ ಬತ್ತಾವ್ಳೆ!" ಎಂದು ಲೋಕೇಶ ಕೂಗಿದ. ಅವರು ನಕ್ಕು ಚೊಂಬು ಹಿಡಿದು ಬಂದರು. ಅವನು ನಿಂತು ಪೂರ್ತಿ ಕುಡಿದ.

ಒಂಬತ್ತರ ಹೊತ್ತಿಗೆ ಬಿಸಿಲು ಬಿದ್ದಿತು. ಮಳೆ ನಿಂತು ವಾರವಾಗಿತ್ತಷ್ಟೆ. ನೆಲದಿಂದ ಹಬೆ ಏಳುತ್ತಿತ್ತು. ನಾಲೆಯ ಏರಿಯ ಮೇಲೆ ಒಂದೂ ಮರವಿಲ್ಲ. ಇಬ್ಬರ ಬನಿಯನ್ನುಗಳೂ ಹಿಂಡುವಂತಾಗಿದ್ದವು. ಅವನ ಕಪ್ಪು ಬನಿಯನ್ನಿನ ಮೇಲೆ ಬೆವರು ಒಣಗಿ ಬಿಳಿಯ ಗೆರೆಗಳು ಬಿದ್ದಿದ್ದವು. ಒಂದು ಹೊಂಗೆಮರ ಸಿಕ್ಕಲ್ಲಿ ಕೂತು ನಾನು ಅಮ್ಮನ ಹಳೆಯ ಪದ್ಧತಿಯಂತೆ ಉಪ್ಪಿನಕಾಯಿ ಕಲಸಿ ಕಟ್ಟಿಕೊಂಡು ಬಂದಿದ್ದ ಮೊಸರನ್ನ ಬಿಚ್ಚಿದೆ. ಅವನ ಮುಂದೆ ಹಿಡಿದೆ.

"ಸ್ನಾನ ಆಗಿಲ್ವಲ್ಲೋ. ದೀಪ ಹಚ್ಚಿಲ್ಲ. ನಿಮ್ಮನೆ ಬಚ್ಚಲಲ್ಲಿ ಮಿಂದು ಕೈ ಮುಗ್ದ ಮೇಲೆ ನೋಡು, ನಿಮ್ಮಮ್ಮನ ಪುಳಿಯೋಗರೆಗೆ ಏನ್ ಗತಿ ಕಾಣಿಸ್ತೀನಿ ಅಂತ."

ಎರಡು ಬಾಳೆಹಣ್ಣು, ಒಂದು ಉಂಡೆ ಬೆಲ್ಲ ತಿಂದ. ಹತ್ತಿರದ ಪಂಪ್‌ಸೆಟ್ಟಿಗೆ ಬಾಯೊಡ್ಡಿ ಹೊಟ್ಟೆ ತುಂಬ ನೀರು ಕುಡಿದ. ಹಿಂದಿನ ಭಾನುವಾರಗಳಲ್ಲೂ ಹೀಗೆಯೇ ಇತ್ತು. ಆದರೆ ಆಗ ನಾವು ಒಂಬತ್ತಕ್ಕೆಲ್ಲ ಮನೆ ಸೇರಿ, ಹತ್ತಕ್ಕೆ ಅವನು ಶಶಿಯ ಕೈಯಿನ ಉಪ್ಸಾರು ಉಣ್ಣುತ್ತಿದ್ದ.

ಹನ್ನೊಂದರ ಮೇಲೆ ಅವನು ನನಗಿಂತ ಹಿಂದೆ ಉಳಿದ. ನಾಲ್ಕೂವರೆ ತಿಂಗಳಲ್ಲಿ ಅದೇ ಮೊದಲು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ತಿರುಗಿ ನಿಂತು, "ಏನು ಮೇಷ್ಟ್ರೇ, ಪಂಚೆ ಸಡಿಲಾಯ್ತಾ?" ಎಂದೆ. ಅವನು ಬೆರಳುಗಳನ್ನು ಮುಂದೆ ಹಿಡಿದು ನೋಡುತ್ತಿದ್ದ. ಊದಿಕೊಂಡಿದ್ದವು. ಮದುವೆಯ ಉಂಗುರ ಮಾಂಸದಲ್ಲಿ ಹುದುಗಿತ್ತು.

"ತಲೆ ಸಿಡೀತಾ ಅದೆ ಕಣೋ."

"ಬಿಸಿಲು. ನೀರು ಕುಡಿ."

ಕುಡಿದ. ನನ್ನ ಬಾಟಲಿಯಲ್ಲಿ ಉಳಿದಿದ್ದನ್ನೂ ಕುಡಿದ. ಸ್ವಲ್ಪ ದೂರ ನಡೆದು ಎಲ್ಲವನ್ನೂ ಕಕ್ಕಿದ. ಹಾಗೆ ನಡೆದುಕೊಂಡೇ ಒಂದು ಹಳ್ಳಿಯ ಅಂಚು ಸೇರಿದೆವು. ಹೊಳೆನರಸೀಪುರ ಇನ್ನು ಎಂಟು ಕಿಲೋಮೀಟರು. ಕಣದಲ್ಲಿದ್ದ ಹೆಂಗಸರು ಓಡಿ ಬಂದು ಅವನನ್ನು ನೆರಳಿಗೆ ಕೂರಿಸಿದರು. ತಲೆಗೆ ನೀರು ತಟ್ಟಿದರು. ಬಾಯಿಗೆ ನೀರು ಹಾಕಿದರು. "ಪಾಪ, ನೀರಿಳ್ದೋಗದೆ, ಕುಡೀ ಮಗ, ಕುಡೀ." ಅವನು ಹೇಳಿದಂತೆ ಕುಡಿದ. ಯಾರಾದರೂ ಮಾಡುವುದನ್ನೇ ಎಲ್ಲರೂ ಮಾಡಿದರು, ನಾನೂ ಮಾಡಿದೆ.

ಆಮೇಲೆ ಅವನು ನನ್ನನ್ನು ನೋಡಿ, "ಅಣ್ಣಾ, ಟ್ರಾಕ್ಟರ್ ಈ ಕಡೆ ತರಬ್ಯಾಡ, ಕೆಸರದೆ," ಎಂದ.

ಅವನಿಗೆ ಅಲ್ಲೇ ಫಿಟ್ಸ್ ಬಂತು. ಒಬ್ಬ ಮುದುಕಿ ಸೊಂಟದ ಬೀಗದಕೈ ಬಿಚ್ಚಿ ಅವನ ಮುಷ್ಟಿಯಲ್ಲಿ ತುರುಕಿದಳು. ತೆಂಗಿನಕಾಯಿ ತುಂಬಿಕೊಂಡು ಬಂದಿದ್ದ ಗೂಡ್ಸ್ ಆಟೋದವನು ಕಾಯಿಗಳನ್ನೆಲ್ಲ ರಸ್ತೆಗೆ ಸುರಿದು ಜಾಗ ಮಾಡಿದ. ಹೊಳೆನರಸೀಪುರದ ಆಸ್ಪತ್ರೆಯವರು ನೋಡಿ, ತಡಮಾಡದೆ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ನಮ್ಮ ಮನೆಯ ಬೀದಿಯ ತುದಿ ದಾಟಿಯೇ ಹೋದೆವು. ಬಚ್ಚಲ ಒಲೆಯ ಹೊಗೆ ಕಾಣುತ್ತಿತ್ತು.

ಹಾಸನದಲ್ಲಿ ನೋಡಿದ ಡಾಕ್ಟರು ನನ್ನ ವಯಸ್ಸಿನ ಹೆಣ್ಣುಮಗಳು. ರಕ್ತದ ರಿಪೋರ್ಟು ಬಂದ ಮೇಲೆ ಹೊರಗೆ ಬಂದು, ಸುದ್ದಿ ತಿಳಿದು ಅತ್ತೆಯ ಜೊತೆ ಬಂದಿದ್ದ ಶಶಿಯನ್ನೂ ನನ್ನನ್ನೂ ಪಕ್ಕಕ್ಕೆ ಕರೆದರು. ಜಯಮ್ಮ ಕಾರಿಡಾರಿನ ಆ ತುದಿಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು.

"ಎಷ್ಟು ನೀರು ಕುಡಿದಿದ್ದರು?"

ಹೇಳಿದೆ. ಮನಸ್ಸಿನಲ್ಲೇ ಕೂಡಿಸುತ್ತ ಹೋದಂತೆ ನನಗೇ ಭಯವಾಯಿತು.

"ಊಟ? ಉಪ್ಪಿನದ್ದೇನಾದರೂ ತಿಂದಿದ್ದರಾ?"

ನಾನು ಬಾಯಿ ತೆರೆಯುವ ಮೊದಲೇ ಶಶಿ ಹೇಳಿದಳು: "ಎರಡು ದಿನದಿಂದ ಉಪ್ಪಿಲ್ಲ ಮೇಡಂ. ಹರಕೆ ಇತ್ತು."

ಡಾಕ್ಟರು ಅದನ್ನು ಬರೆದುಕೊಂಡರು. ಆಮೇಲೆ ನಿಧಾನವಾಗಿ ವಿವರಿಸಿದರು. ಇದು ನೀರು ಕಡಿಮೆಯಾಗಿ ಆದದ್ದಲ್ಲ, ಉಲ್ಟಾ. ಬೆವರಿನಲ್ಲಿ ಉಪ್ಪು ಹೋಗಿದೆ, ಒಳಗೆ ಬರೀ ನೀರು ಬಂದಿದೆ, ರಕ್ತದಲ್ಲಿ ಉಪ್ಪು ತೀರಾ ಇಳಿದು ಮಿದುಳು ಊದಿಕೊಂಡಿದೆ. "ನೀರೇ ಮುಖ್ಯ ಕಾರಣ. ಉಪ್ಪಿಲ್ಲದ್ದೂ ಸೇರಿದೆ. ಯಾವುದರದು ಎಷ್ಟು ಅಂತ ನಾನಲ್ಲ, ಯಾರೂ ಹೇಳೋಕಾಗಲ್ಲ."

ಅವರು ಹೋದ ಮೇಲೆ ಶಶಿ ಅತ್ತೆಯ ಕಡೆ ನೋಡಿದಳು. ಹೋಗಿ ಹೇಳೇಬಿಡುತ್ತಾಳೆ ಅಂದುಕೊಂಡೆ. ಎರಡು ಹೆಜ್ಜೆ ಇಟ್ಟು ನಿಂತಳು.

"ಅವ್ರಿಗೆ ಗೊತ್ತಾದ್ರೆ ಬದುಕಲ್ಲ ಸಾ. ನೀವು ಏಳಬ್ಯಾಡಿ." ನನ್ನ ಕಡೆ ತಿರುಗಿ ಅಂದಳು, "ನಾನೂ ಏಳಲ್ಲ. ಆದ್ರೆ ನನ್ ಬಾಯಿ ಮ್ಯಾಲೆ ನಂಗೆ ನಂಬ್ಕೆ ಇಲ್ಲ. ಅದ್ಕೇ ಇವತ್ತಿಂದ ಅವ್ರತ್ರ ಮಾತೇ ಆಡಕಿಲ್ಲ."

ಜಯಮ್ಮ ಆ ಎರಡು ದಿನ ಅಲ್ಲಿಂದ ಏಳಲಿಲ್ಲ. ಯಾರೋ ತಂದುಕೊಟ್ಟ ಇಡ್ಲಿಯನ್ನು ಮುಟ್ಟಲಿಲ್ಲ. ಮಗ ಏಳುವ ತನಕ ತಾನೂ ಉಪ್ಪು ಬಿಟ್ಟಿದ್ದೇನೆ ಎಂದರು. ಶಶಿ ಅದನ್ನು ಕೇಳಿ ಎದ್ದು ಹೊರಗೆ ಹೋಗಿ ಆಸ್ಪತ್ರೆಯ ಕಾಂಪೌಂಡಿಗೆ ಮುಖ ಮಾಡಿ ನಿಂತಳು. ನನ್ನನ್ನು ಕಂಡಾಗಲೆಲ್ಲ ಜಯಮ್ಮ ಒಂದೇ ಕೇಳುತ್ತಿದ್ದರು: "ಕಣ್ಣು ಬಿಟ್ನಾ?" ನಾನು ಅವರಿಗೆ ಕೊಟ್ಟ ಮಾತನ್ನು ಅವರು ಒಂದು ಸಲವೂ ಎತ್ತಲಿಲ್ಲ.

ಲೋಕೇಶ ಕಣ್ಣು ಬಿಡಲಿಲ್ಲ. ಮಂಗಳವಾರ ಬೆಳಿಗ್ಗೆ ಹೋದ. ಸಂಜೆ ಅವರ ಹೊಲದಲ್ಲಿ, ಅಣ್ಣನ ಪಕ್ಕದಲ್ಲಿ ಮಣ್ಣು ಮಾಡಿದರು. ನಮ್ಮ ಕಾಲೇಜಿನ ಹುಡುಗರು ಎರಡು ಬಸ್ಸಿನಲ್ಲಿ ಬಂದಿದ್ದರು. ಶೂ ಬಿಚ್ಚಿ ಹೊರಗೆ ಬಿಟ್ಟು, ಹೊಲದ ತುಂಬ ಸಾಲಾಗಿ, ಅವನು ಕವಾಯತಿಗೆ ನಿಲ್ಲಿಸುತ್ತಿದ್ದ ಹಾಗೆಯೇ ನಿಂತರು. ಯಾರೂ ಹಾಗೆ ನಿಲ್ಲಿ ಎಂದಿರಲಿಲ್ಲ.

ಮೂರನೆಯ ದಿನ ಹಾಲು ತುಪ್ಪ. ಹೂತ ಜಾಗದ ಗುದ್ದಿಗೆ ಹಾಲೆರೆದು ನೆಂಟರೆಲ್ಲ ಮನೆಗೆ ಮರಳಿದ ಮೇಲೆ ನಾನು ಕೊಟ್ಟಿಗೆಯ ಹತ್ತಿರ ನಿಂತಿದ್ದೆ. ಜಯಮ್ಮ ಎತ್ತುಗಳಿಗೆ ಬೂಸ ಕಲಸುತ್ತಿದ್ದರು. ಸಾವಿನ ಮನೆಯೆಂದು ದನದ ಹಸಿವು ಕಾಯುವುದಿಲ್ಲ. ನೆರೆಯವನೊಬ್ಬ ಅವರ ಎತ್ತು ಕಟ್ಟಿ ಬೆಳಗಿನಿಂದ ಉತ್ತು ಆಗಷ್ಟೇ ತಂದು ಬಿಟ್ಟಿದ್ದ.

"ಡಾಕ್ಟ್ರಮ್ಮ ಏನಂದ್ಳಪ್ಪ? ನಂಗೆ ಯಾರೂ ಸರ್ಯಾಗಿ ಏಳ್ನಿಲ್ಲ."

"ನೀರು ಜಾಸ್ತಿ ಕುಡಿದುಬಿಟ್ಟ ಅಂದ್ರು ಅಮ್ಮ."

"ನೀರು ಕುಡ್ದು ಸಾಯ್ತಾರಾ?"

"ತುಂಬ ಬೆವರಿದ ಮೇಲೆ ಬರೀ ನೀರು ಕುಡಿದರೆ ಆಗುತ್ತಂತೆ."

ಹೇಳಿದ್ದು ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಿದೆ. ಅವರು ತಲೆಯಾಡಿಸಿ, ಕಲಸುತ್ತಲೇ ಎಡಗೈಯನ್ನು ಗೋಡೆಯ ಗೂಡಿಗೆ ಚಾಚಿದರು. ಅಲ್ಲಿದ್ದ ಮಡಕೆಯಿಂದ ಒಂದು ಹಿಡಿ ಕಲ್ಲುಪ್ಪು ತೆಗೆದು ಬೂಸದ ಮೇಲೆ ತಂದರು. ಕೈ ಅಲ್ಲೇ ನಿಂತಿತು.

ಎತ್ತು ಮೂತಿ ಮುಂದೆ ಮಾಡಿ ಅವರ ಮುಷ್ಟಿ ನೆಕ್ಕಿತು.

"ಉತ್ತು ಬಂದ ಎತ್ತಿಗೆ…" ಎಂದರು. ನನ್ನ ಮುಖ ನೋಡಿದರು. ನಾನು ನೋಟ ತಪ್ಪಿಸಬಾರದಿತ್ತು, ಆದರೆ ಅದು ನನ್ನ ಕೈಯಲ್ಲಿರಲಿಲ್ಲ. ಅವರು ಉಪ್ಪನ್ನು ಬೂಸಕ್ಕೆ ಹಾಕಿದರು. ಕಲಸಿದರು. ಬಾನಿಯನ್ನು ಎತ್ತಿನ ಮುಂದೆ ಸರಿಸಿ ಒಳಗೆ ಹೋದರು. ಶಶಿಗೆ ನಾನು ಇದನ್ನು ಹೇಳಲಿಲ್ಲ. ಹೇಳಲು ಏನೂ ನಡೆದಿರಲಿಲ್ಲ, ಒಂದು ಎತ್ತು ಒಂದು ಕೈ ನೆಕ್ಕಿತ್ತು, ಅಷ್ಟೆ.

ಹನ್ನೊಂದನೆಯ ದಿನ ತಿಥಿ. ಅಂಗಳದಲ್ಲಿ ಚಪ್ಪರ, ಮೂರು ಕಡೆ ಒಲೆ. ಬೆಳಗಿನಿಂದ ಅತ್ತೆ ಸೊಸೆ ಒಂದೇ ಅಡುಗೆಮನೆಯಲ್ಲಿ ಇದ್ದರು, ಒಂದು ಮಾತೂ ಇಲ್ಲ. ಏನಾದರೂ ಬೇಕಿದ್ದರೆ ಶಶಿ ಪಕ್ಕದ ಮನೆಯ ಹೆಂಗಸಿಗೆ ಹೇಳುತ್ತಿದ್ದಳು, ಆಕೆ ಜಯಮ್ಮನಿಗೆ ಹೇಳುತ್ತಿದ್ದಳು. ನೆಂಟರು ಅದನ್ನು ಕಂಡು ತಮತಮಗೆ ತಿಳಿದಂತೆ ಪಿಸುಗುಟ್ಟುತ್ತಿದ್ದರು. ಗಂಡ ಸತ್ತ ಮೇಲೆ ಸೊಸೆ ತವರಿಗೆ ಹೊರಟಿದ್ದಾಳಂತೆ ಎಂದು ಒಬ್ಬರು ನನಗೇ ಹೇಳಿದರು.

ನಡುಮನೆಯಲ್ಲಿ ಲೋಕೇಶನ ಫೋಟೋ ಇಟ್ಟು, ಮುಂದೆ ಬಾಳೆಲೆ ಹಾಸಿದರು. ಎಡೆಗೆ ಅವನಿಗೆ ಇಷ್ಟವಾದುದೆಲ್ಲ ಇತ್ತು: ಮುದ್ದೆ, ಕೋಳಿಸಾರು, ಅನ್ನ, ವಡೆ. ನಮ್ಮಮ್ಮ ಕಳಿಸಿದ್ದ ಪುಳಿಯೋಗರೆಯನ್ನೂ ಶಶಿ ಒಂದು ತುದಿಯ ಮೇಲೆ ಬಡಿಸಿದಳು. ಎಲ್ಲರೂ ಕೈಮುಗಿದು ಸುತ್ತ ನಿಂತಿದ್ದೆವು. ಇನ್ನು ಬಾಗಿಲು ಮುಂದೆ ಮಾಡಿ ಹೊರಗೆ ಬರಬೇಕು, ಹೋದವನು ಬಂದು ಉಣ್ಣಲಿ ಎಂದು. ಆಗ ಜಯಮ್ಮ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದರು. ಎಲೆಯ ಮುಂದೆ ಕೂತು ಬಿಚ್ಚಿದರು. ಕಲ್ಲುಪ್ಪು. ಒಂದು ಹಿಡಿ ಅನ್ನದ ಮೇಲೆ, ಒಂದು ಹಿಡಿ ಮುದ್ದೆಯ ಮೇಲೆ. ಮತ್ತೊಂದು ಹಿಡಿ ತೆಗೆದರು.

"ಅಕ್ಕೋ, ಏನ್ ಮಾಡ್ತಾ ಇದೀಯೆ?" ಲೋಕೇಶನ ಸೋದರಮಾವ ಬಾಗಿ ಅವರ ಕೈ ಹಿಡಿದರು. "ಎಡೆಗೆ ಒಂದು ಚಿಟ್ಕೆ ಸಾಕು ಕಣೆ."

ಜಯಮ್ಮ ಕೈ ಬಿಡಿಸಿಕೊಂಡರು. "ಅವನ ಪಾಲು ನಾನು ತಗ್ದಿಟ್ಕೊಂಡಿದ್ದೆ ಕಣೋ. ಕೊಡ್ತಾ ಇವ್ನಿ."

ಮಾವನಿಗೆ ಅರ್ಥವಾಗಲಿಲ್ಲ. ದುಃಖಕ್ಕೆ ಹೀಗಾಡುತ್ತಾಳೆ ಎಂದುಕೊಂಡು ಹಿಂದೆ ಸರಿದರು. ಶಶಿಗೆ ಅರ್ಥವಾಯಿತು. ಅವಳು ತಟ್ಟನೆ ನನ್ನ ಕಡೆ ತಿರುಗಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ನಾನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ಬಾಗಿಲು ಮುಚ್ಚಿ ಹೊರಗೆ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಹಿರಿಯರೊಬ್ಬರು ಬಾಗಿಲು ತೆಗೆದರು. ಎಡೆಯ ಅನ್ನವನ್ನು ಮನೆಯವರು ಹಂಚಿಕೊಂಡು ಉಣ್ಣುವುದು ರೂಢಿ. ಆ ಎಲೆಯನ್ನು ಯಾರು ಮುಟ್ಟುತ್ತಾರೆ? ಎತ್ತಿ ದನಕ್ಕೆ ಹಾಕೋಣ ಎಂದು ಯಾರೋ ಅಂದರು. ಅಷ್ಟರಲ್ಲಿ ಜಯಮ್ಮ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಉಪ್ಪಿನ ಸಮೇತ ಅನ್ನ ಕಲಸಿ ಬಾಯಿಗಿಟ್ಟರು. ಹರಳು ಹಲ್ಲಿಗೆ ಸಿಕ್ಕುವ ಸದ್ದು ನಮಗೆ ಕೇಳುತ್ತಿತ್ತು. ಎರಡನೆಯ ತುತ್ತಿಗೆ ಅವರಿಗೆ ಓಕರಿಕೆ ಬಂತು. ನುಂಗಿದರು. ಮೂರನೆಯದನ್ನು ಕಲಸಿದರು.

"ಅಕ್ಕಾ, ಸಾಕು, ಏಳು," ಎಂದು ಮಾವ ಅತ್ತರು. ಹೆಂಗಸರು ಎಳೆಯಲು ನೋಡಿದರು. ಅವರು ಕದಲಲಿಲ್ಲ.

ಶಶಿ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. ಆಸ್ಪತ್ರೆಯ ಆ ದಿನದ ನಂತರ ಮೊದಲ ಬಾರಿ ಅತ್ತೆಯ ಜೊತೆ ಮಾತಾಡಿದಳು.

"ಆ ಕಡೆ ಸ್ವಲ್ಪ ಜರುಗ್ರತ್ತೆ."

ಜಯಮ್ಮ ಜರುಗಿದರು. ಶಶಿ ಪಕ್ಕದಲ್ಲಿ ಕೂತು, ಎಲೆಯನ್ನು ಅರ್ಧದಷ್ಟು ತನ್ನ ಕಡೆ ಎಳೆದುಕೊಂಡು, ಹೆಚ್ಚು ಉಪ್ಪಿದ್ದ ಮುದ್ದೆಯನ್ನು ಮುರಿದಳು. ಇಬ್ಬರೂ ತಲೆ ಬಗ್ಗಿಸಿ ಉಂಡರು. ಯಾರೋ ಒಂದು ಚೊಂಬು ನೀರು ತಂದು ನಡುವೆ ಇಟ್ಟರು. ಎಲೆ ಬರಿದಾಗುವ ತನಕ ಇಬ್ಬರೂ ಅದನ್ನು ಮುಟ್ಟಲಿಲ್ಲ.